ಸೊಟ್ಟ ಬೆರಳಿನ ಲೆಕ್ಕ

ಒಂದು ಕೋಟಿ ಮೂವತ್ತೆಂಟು ಲಕ್ಷ ಅಂದರು ಟೀವಿಯಲ್ಲಿ.
ಸುತ್ತಿಗೆ ಬಿತ್ತು.
ಜಬ್ಬಾರಣ್ಣನ ಸೋಸುಬಟ್ಟೆಯಿಂದ ಟೀ ಜಾರಿ
ಒಲೆ ಚುರ್ ಅಂತು.

ನಮ್ಮ ಚಲಪತಿ. ವಡಗೂರು ಗೇಟಿನ ಚಲಪತಿ.
ಇದೇ ಕೋಲಾರದ ಮಂಡಿಯಲ್ಲಿ ನಸುಕಿನ ನಾಲ್ಕಕ್ಕೆ
ಟೊಮೆಟೊ ಇಳಿಸುತ್ತಿದ್ದವನು,
ಬಾಕ್ಸಿಗೆ ಎರಡು ರೂಪಾಯಿ.

"ತೊಡೆ ತಟ್ಟೋಕೆ ಕೋಟಿನಾ?" ಅಂದ ಗುಮಾಸ್ತ ಗಂಗುಲಪ್ಪ.
ಕಿವಿಯ ಮೇಲಿನ ಪೆನ್ನು ತೆಗೆದು
ಹರಿದ ರಟ್ಟಿನ ಮೇಲೆ ಭಾಗಿಸಿದ:
ಸೀಸನ್ನಿಗೆ ಮುನ್ನೂರು ರೈಡು ಅಂತಿಟ್ಟುಕೋ,
ರೈಡಿಗೆ ಒಂದೇ ಉಸಿರು,
ಉಸಿರಿಗೆ ನಲವತ್ತಾರು ಸಾವಿರ!
ನನ್ನ ಇಡೀ ವರ್ಷದ ಉಸಿರಿಗೆ...
ಅಲ್ಲಿಗೆ ಪೆನ್ನು ನಿಲ್ಲಿಸಿದ.

ಲಾರಿಯ ನಾಸಿರ್ ಅಂದ, ನರ ಹರಿದರೆ ಮುಂದಿನ ವರ್ಷ
ಕೇಳೋರು ಯಾರು? ಮೂವತ್ತಕ್ಕೇ ಮುದುಕ ಆಗೋ ಕೆಲಸ.
ಕೊಡಲಿ ಬಿಡು.
ಹಣ್ಣು ಆರಿಸುವ ನಾರೆಮ್ಮ ತಲೆಯೆತ್ತದೆ,
"ಕೊಟ್ಟೋರೇನು ದಾನ ಮಾಡ್ತಾವ್ರಾ?
ನೂರು ಬರೋದು ಕಂಡೇ ಹತ್ತು ಬಿಚ್ಚೋದು."
ಆಮೇಲೆ ಎಲ್ಲರೂ ನನ್ನ ಕಡೆ:
"ಹರಾಜು ಕೂಗೋನು ನೀನು. ನೀನು ಹೇಳಪ್ಪ."

ಇಪ್ಪತ್ತೆರಡು ವರ್ಷ ಕೂಗಿ ನನಗೆ ತಿಳಿದದ್ದು ಇಷ್ಟು:
ಅದೇ ತೋಟ, ಅದೇ ಗಿಡ, ಅದೇ ಕೆಂಪು,
ಸೋಮವಾರ ತೊಂಬತ್ತು, ಮುಂದಿನ ಶುಕ್ರವಾರ ಒಂಬೈನೂರು.
ನಡುವೆ ಹಣ್ಣು ಹೊಸದೇನೂ ಕಲಿತಿರಲಿಲ್ಲ.
ಎಲ್ಲೋ ನಾಸಿಕದಲ್ಲಿ ಮಳೆ ಹೊಡೆದಿತ್ತು, ಅಷ್ಟೆ.

ಹೇಳಬಹುದಿತ್ತು. ಹೇಳಲಿಲ್ಲ.
ಚಲಪತಿ ಹಣ್ಣಲ್ಲ.

ಹೈಸ್ಕೂಲಿನ ಹಿಂದೆ, ನಿಂತ ಲಾರಿಯ ಹೆಡ್‌ಲೈಟಿನಲ್ಲಿ,
ಕಲ್ಲುಪುಡಿ ಬೆರೆತ ಆ ಅಂಕಣದಲ್ಲಿ
ನಾನು ಎಡಮೂಲೆ. ಕಾಲು ಹಿಡಿಯುವವನು.
ಅವನಿಗೆ ಹದಿನಾಲ್ಕು, ನನಗೆ ಮೂವತ್ತೊಂದು.
ದಿನಾ ರಾತ್ರಿ ಅವನ ಹಿಮ್ಮಡಿ ಕೈಗೆ ಸಿಗುತ್ತಿತ್ತು,
ದಿನಾ ರಾತ್ರಿ ಒಂದು ಕೂದಲೆಳೆ ತಡವಾಗಿ.
ಒಂದು ಅಮಾವಾಸ್ಯೆ ಸಿಗಲೇ ಇಲ್ಲ.
ಉಳಿದದ್ದು ಅವನು ಒದ್ದ ಗಾಳಿ,
ಮತ್ತೆ ಈ ಕಿರುಬೆರಳು:
ನಾಲ್ಕು ಬೆರಳು ನೆಟ್ಟಗೆ ಬೆಟ್ಟ ನೋಡಿದರೆ
ಇದೊಂದು ಮುಳಬಾಗಿಲ ರಸ್ತೆಗೆ ತಿರುಗಿದೆ.

ಆ ತಿರುವನ್ನು ಈಗ ಟೀವಿಯಲ್ಲಿ ನಿಧಾನ ಮಾಡಿ ತೋರಿಸುತ್ತಾರೆ,
ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟಿದ್ದಾರೆ.
ನಮ್ಮಲ್ಲಿ ಹೆಸರಿರಲಿಲ್ಲ. ಆಸ್ಪತ್ರೆಯ ಚೀಟಿ ಇತ್ತು.
ಮಂಡಿಯಲ್ಲಿ ನಾನು ಐದು ಬೆರಳೆತ್ತಿದರೆ ಸಾಕು,
ವ್ಯಾಪಾರಿಗಳು ನಗುತ್ತಾರೆ: "ನಾಲ್ಕೂವರೆ!"

ಅವನ ತಂಡದ ಎಡಮೂಲೆಗೆ ಹದಿಮೂರು ಲಕ್ಷವಂತೆ.
ಹೆಸರು ಓದುವಷ್ಟರಲ್ಲಿ ಜಾಹೀರಾತು ಬಂತು.

ರಾತ್ರಿ ಹನ್ನೊಂದಕ್ಕೆ ಫೋನು.
"ಅಣ್ಣಾ... ಜಾಸ್ತಿ ಆಯ್ತಾ?"
ಸಾವಿರ ಜನರ ಮೇಲೆ ಕೂಗುವ ಬಾಯಿ ನನ್ನದು, ಒಣಗಿತು.
"ಇಷ್ಟು ವರ್ಷದಲ್ಲಿ ಯಾವ ಹಣ್ಣೂ
ಇದನ್ನ ಕೇಳಿಲ್ಲ ಕಣೋ," ಅಂದೆ.
ಆ ಕಡೆ ನಗು. ಆಮೇಲೆ ಮೂಗೆಳೆದ ಸದ್ದು.
"ಮಂಡಿ ಹೆಂಗಿದೆ?"
"ಯಾವ ಮಂಡಿ ಅಣ್ಣಾ?"
"ನಿಂದು."
ಸ್ವಲ್ಪ ಹೊತ್ತು ಬರೀ ಫೋನಿನ ಗಾಳಿ.
"ಬಲಗಡೇದು ನೋಯ್ತದೆ. ಯಾರಿಗೂ ಹೇಳ್ಬೇಡ."

ಮೇಲೆ ಗಟ್ಟಿ ಹಣ್ಣು, ತಳದಲ್ಲಿ ಮೆತ್ತನೆಯದು.
ನನಗೆ ತಿಳಿಯದ ಬಾಕ್ಸೇನಲ್ಲ.
ಆದರೂ ನಿದ್ದೆ ಹತ್ತಲಿಲ್ಲ.

ನಾಲ್ಕಕ್ಕೆ ಮೊದಲ ಲಾರಿ.
ಉಸಿರು ಹಿಡಿದು ಶುರು ಮಾಡಿದೆ,
ನಾನೂರು ನಾನೂರು ನಾನೂರಿಪ್ಪತ್ತು ನಾನೂರಿಪ್ಪತ್ತು ನಾನೂರೈವತ್ತು,
ಉಸಿರು ಬಿಟ್ಟರೆ ಔಟು, ಇಲ್ಲೂ ಅದೇ ನಿಯಮ.
ಗಂಗುಲಪ್ಪ ಚೀಟಿ ಹರಿಯುತ್ತ ಪಕ್ಕಕ್ಕೆ ಬಾಗಿದ:
"ಕೊನೆಗೂ ಹೇಳಲೇ ಇಲ್ಲ ನೀನು.
ಅಷ್ಟು ಬಾಳ್ತಾನಾ ಅವನು?"

ಬಾಕ್ಸಿನ ತಳಕ್ಕೆ ಕೈ ಇಳಿಸಿದೆ. ಒಂದು ಮೆತ್ತಗಿತ್ತು.
ಅದನ್ನು ಅಲ್ಲೇ ಬಿಟ್ಟು
ಕೈ ಮೇಲೆತ್ತಿದೆ, ಬೆರಳು ಅಗಲಿಸಿ.

"ನಾಲ್ಕೂವರೆ," ಅಂದ ಯಾರೋ ಹಿಂದಿನಿಂದ.
"ಐದು," ಅಂದೆ.
"ಇವತ್ತು ಐದೇ."